ಮರಡಿಹಳ್ಳಿಯ ಕಲ್ಲಿಗೆ ಸುತ್ತಿಗೆ ಬೇಡ, ಒಂದು ಬಾಟಲಿ ನೀರು ಸಾಕು

ಮಾನ್ಯ ಸಂಪಾದಕರೇ,

ಕಳೆದ ವಾರ ನನ್ನ ಮೊಬೈಲ್‌ಗೆ ಒಂದು ವಿಡಿಯೊ ಬಂದಿತು. ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯಲ್ಲಿ ಜ್ವಾಲಾಮುಖಿಯೊಂದು ಮಲಗಿದೆ, ಅದು ಯಾವಾಗ ಬೇಕಾದರೂ ಏಳಬಹುದು ಎಂದು ಒಬ್ಬ ಹುಡುಗ ಬಂಡೆಯ ಮೇಲೆ ನಿಂತು ಹೇಳುತ್ತಿದ್ದ. ಅವನ ಕಾಲ ಬುಡದಲ್ಲಿ ಬಿಳಿ ಬಣ್ಣದಿಂದ ಬರೆದ ಎರಡು ಹೆಸರುಗಳು, ನಡುವೆ ಬಾಣ ಚುಚ್ಚಿದ ಹೃದಯ. ಅವನು ಹೇಳಿದ ಸುಳ್ಳಿಗಿಂತ ಆ ಬಣ್ಣವೇ ನನಗೆ ಹೆಚ್ಚು ನೋವು ಕೊಟ್ಟಿತು. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಾನು ನಿವೃತ್ತ ಅಂಚೆ ನೌಕರ. ಐಮಂಗಲದ ಸುತ್ತಿನ ಹಳ್ಳಿಗಳಿಗೆ ಹತ್ತೊಂಬತ್ತು ವರ್ಷ ಸೈಕಲ್ಲಿನಲ್ಲಿ ಟಪಾಲು ಬಟವಾಡೆ ಮಾಡಿದ್ದೇನೆ. ಮರಡಿಹಳ್ಳಿಯ ಆ ಕಲ್ಲಿನ ದಿಬ್ಬದ ಬಳಿ ಸೈಕಲ್ ನಿಲ್ಲಿಸಿ ಬುತ್ತಿ ಬಿಚ್ಚಿದ್ದಕ್ಕೆ ಲೆಕ್ಕವಿಲ್ಲ. ವೃದ್ಧಾಪ್ಯ ವೇತನದ ಮನಿಯಾರ್ಡರ್ ಹಣವನ್ನು ಆ ಬಂಡೆಯ ಮೇಲೆಯೇ ಎಣಿಸಿ, ಊರವಾರು ವಿಂಗಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಮರಡಿ ಎಂದರೆ ಸಣ್ಣ ಗುಡ್ಡ, ಊರಿಗೂ ಅದೇ ಹೆಸರು. ನನಗೆ ಗೊತ್ತಿದ್ದದ್ದು ಅಷ್ಟೇ. ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜಿ ಮಾತ್ರ ಒಮ್ಮೆ, ‘ಅಂಚೆಯಣ್ಣಾ, ಈ ಕಲ್ಲನ್ನು ಯಾರೋ ಉಂಡೆ ಕಟ್ಟಿ ಇಟ್ಟಂತಿದೆ ನೋಡು’ ಎಂದಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ. ಆ ಅಜ್ಜಿ ಹೇಳಿದ್ದೇ ಸರಿಯಾಗಿತ್ತು.

1991ರ ಡಿಸೆಂಬರ್‌ನಲ್ಲಿ ಹೊರಗಿನ ಕಾಲೇಜೊಂದರ ವಿದ್ಯಾರ್ಥಿಗಳು ಬಸ್ಸಿನಲ್ಲಿ ಬಂದಿಳಿದರು. ಅವರ ಮೇಷ್ಟ್ರು ಬಂಡೆಯ ಧೂಳನ್ನು ಕೈಯಿಂದ ಸವರಿ, ಬಾಟಲಿಯ ನೀರನ್ನು ಅದರ ಮೇಲೆ ಸುರಿದರು. ಅಷ್ಟು ವರ್ಷ ನನಗೆ ಬರೀ ಕಪ್ಪಾಗಿ ಕಂಡಿದ್ದ ಕಲ್ಲಿನಲ್ಲಿ ಒಂದೊಂದಾಗಿ ಗೆರೆಗಳು ಮೂಡಿದವು. ದುಂಡನೆಯ ಆಕಾರಗಳು ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ಪ್ರತಿಯೊಂದರ ಸುತ್ತಲೂ ಬೇರೆ ಛಾಯೆಯ ಅಂಚು. ನೀರು ಆರಿದಂತೆ ಆ ಗೆರೆಗಳೂ ಮಸುಕಾದವು. ನನ್ನ ಚೀಲದಲ್ಲಿ ಇನ್ನೂ ಬಟವಾಡೆಯಾಗದ ಕಾಗದಗಳಿದ್ದವು, ಆದರೂ ಒಂದು ಗಂಟೆ ಅಲ್ಲೇ ನಿಂತೆ.

ಮೇಷ್ಟ್ರು ಅದನ್ನು ದಿಂಬು ಎಂದರು. ಭೂವಿಜ್ಞಾನಿಗಳು ಕರೆಯುವುದೂ ಪಿಲ್ಲೋ ಲಾವಾ, ಅಂದರೆ ಕರಗಿದ ಕಲ್ಲಿನ ದಿಂಬು, ಎಂದೇ. ನನಗೆ ಕಂಡದ್ದು ಮಾತ್ರ ರಾಗಿ ಮುದ್ದೆ. ಮದುವೆ ಮನೆಯಲ್ಲಿ ಬಿಸಿ ಮುದ್ದೆಯ ಮೇಲೆ ಒದ್ದೆ ಕೈ ಆಡಿಸಿದ ಕೂಡಲೇ ಮೇಲ್ಮೈ ಬಿಗಿಯುತ್ತದೆ, ಒಳಗೆ ಹಬೆಯಾಡುವ ಬಿಸಿ ಹಾಗೆಯೇ ಇರುತ್ತದೆ. ಅಂತಹ ಮುದ್ದೆಗಳನ್ನು ಬುಟ್ಟಿಯಲ್ಲಿ ಪೇರಿಸಿದರೆ ಮೇಲಿನದು ಕೆಳಗಿನ ಎರಡರ ಸಂದಿಗೆ ತಗ್ಗಿ ಕೂರುತ್ತದೆ, ಅದರ ನೆತ್ತಿ ಮಾತ್ರ ದುಂಡಗೆ ಉಳಿಯುತ್ತದೆ. ಮರಡಿಹಳ್ಳಿಯಲ್ಲಿ ಆಗಿದ್ದೂ ಇದೇ. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ನೀರಿನಡಿಯ ನೆಲ ಬಿರಿದು, ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯ ಲಾವಾ ಉಕ್ಕಿತು. ನೀರು ತಾಕಿದ ತಕ್ಷಣ ಮೇಲಿನ ಸಿಪ್ಪೆ ಗಾಜಿನಂತೆ ಗಟ್ಟಿಯಾಯಿತು. ಒಳಗಿನ ಒತ್ತಡಕ್ಕೆ ಆ ಸಿಪ್ಪೆ ಸೀಳಿ, ಸೀಳಿನಿಂದ ಮತ್ತೊಂದು ಉಂಡೆ ಹೊರಬಂತು, ಅದೂ ಗಟ್ಟಿಯಾಯಿತು. ನೀರು ಸುರಿದಾಗ ಕಾಣುವ ಅಂಚು ಆ ಸಿಪ್ಪೆಯೇ. ದುಂಡು ನೆತ್ತಿ ಮತ್ತು ಸಂದಿಗೆ ಇಳಿದ ಬಾಲವನ್ನು ನೋಡಿ, ಕಲ್ಲಿನ ಪದರ ಎಷ್ಟೇ ಮಗುಚಿದ್ದರೂ ಹುಟ್ಟುವಾಗ ಅದರ ಯಾವ ಬದಿ ಮೇಲಿತ್ತು ಎಂದು ತಿಳಿದವರು ಹೇಳುತ್ತಾರೆ. ಹವಾಯಿ ದ್ವೀಪದ ಕಡಲಿನಲ್ಲಿ ಇಂತಹ ಉಂಡೆಗಳು ಹುಟ್ಟುವುದನ್ನು ಮುಳುಗುಗಾರರು ಕಣ್ಣಾರೆ ಕಂಡು ಚಿತ್ರೀಕರಿಸಿದ್ದಾರೆ.

ವಿಡಿಯೊದ ಹುಡುಗನಿಗೂ, ಅದನ್ನು ನೋಡಿ ಹೆದರಿದವರಿಗೂ ಹೇಳುತ್ತೇನೆ: ಅಲ್ಲಿ ಏಳುವುದಕ್ಕೆ ಯಾವ ಜ್ವಾಲಾಮುಖಿಯೂ ಉಳಿದಿಲ್ಲ. ಆ ಕಾಲದ ನಂತರ ಈ ಪದರಗಳು ಮಡಿಚಿಕೊಂಡಿವೆ, ನೆಲದಾಳದಲ್ಲಿ ಹೂತು ಕಾದಿವೆ, ಕಪ್ಪು ಲಾವಾ ಹಸಿರು ಛಾಯೆಗೆ ತಿರುಗಿದೆ, ಮಳೆ ಗಾಳಿಗೆ ಸವೆದು ಮತ್ತೆ ಮೇಲೆ ಕಾಣಿಸಿಕೊಂಡಿವೆ. ಡೈನೋಸಾರ್‌ಗಳು ಹುಟ್ಟುವುದಕ್ಕೆ 200 ಕೋಟಿ ವರ್ಷಗಳಿಗೂ ಮೊದಲೇ ಆರಿಹೋದ ಬೆಂಕಿ ಅದು.

ಇಲ್ಲಿ ಒಮ್ಮೆ ನೀರು ತುಂಬಿತ್ತು ಎಂದು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ನಮ್ಮದು ಬರದ ಜಿಲ್ಲೆ. ನೂರಾರು ಅಡಿ ಕೊರೆಸಿದರೂ ನೀರು ಬಾರದ ಕೊಳವೆಬಾವಿಯ ಮುಂದೆ ಗಂಡಸರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ ಮನೆಗಳಿಗೆ ನಾನು ಬ್ಯಾಂಕಿನ ನೋಟಿಸು ಕೊಟ್ಟು ಬಂದವನು. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಜಲಾಶಯ, ಅಂದರೆ ವಾಣಿ ವಿಲಾಸ ಸಾಗರ, ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ, 89 ವರ್ಷ ಕಾಯಬೇಕಾಯಿತು. ಅಂದು ನಾನೂ ಹೋಗಿದ್ದೆ. ಕೋಡಿಯ ನೀರನ್ನು ಮುದುಕಿಯರು ಬೊಗಸೆಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅದೇ ತಾಲ್ಲೂಕಿನಲ್ಲಿ, ಈ ಒಣನೆಲವೇ ಒಮ್ಮೆ ನೀರಿನಡಿಯಲ್ಲಿತ್ತು ಎಂಬುದಕ್ಕೆ ಸಾಕ್ಷಿ ಹೇಳುವ ಕಲ್ಲಿದೆ ಎಂದು ಆ ಜನಸಾಗರದಲ್ಲಿ ಎಷ್ಟು ಮಂದಿಗೆ ತಿಳಿದಿತ್ತು?

ಇನ್ನು ಸುತ್ತಿಗೆಯ ವಿಚಾರ. 1991ರ ಅದೇ ದಿನ ಮೇಷ್ಟ್ರ ಮಾತು ಮುಗಿದ ಮೇಲೆ ಹುಡುಗರು ಸುತ್ತಿಗೆಗಳನ್ನು ತೆಗೆದರು. ಒಳ್ಳೆಯ ದುಂಡು, ಒಳ್ಳೆಯ ಅಂಚು ಇದ್ದ ಕಡೆಗಳನ್ನೇ ಹುಡುಕಿ ಹೊಡೆದರು. ಉದುರಿದ ಒಂದು ಚೂರನ್ನು ನಾನೂ ಎತ್ತಿಕೊಂಡೆ. ಮೂವತ್ತು ವರ್ಷಕ್ಕೂ ಮಿಕ್ಕಿ ಅದು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಕಲ್ಲಾಗಿತ್ತು. ಅದು ತಪ್ಪು, ಒಪ್ಪಿಕೊಳ್ಳುತ್ತೇನೆ. ಹೊಡೆದ ಜಾಗದಲ್ಲಿ ಹೊಸ ಉಂಡೆ ಹುಟ್ಟುವುದಿಲ್ಲ. ಪಾಠಕ್ಕೆ ಮಾದರಿ ಬೇಕೆನ್ನುವ ಅಧ್ಯಾಪಕರು ವರ್ಷಕ್ಕೊಂದು ತಂಡ ಕರೆತಂದು, ತಂಡಕ್ಕೊಂದು ಬುಟ್ಟಿ ಚೂರು ಒಯ್ದರೆ ಮುಂದಿನ ಅಧ್ಯಾಪಕರಿಗೆ ಏನು ಉಳಿದೀತು?

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಮಲ್ಪೆ ಸಮೀಪದ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಇದೇ ಪಟ್ಟಿಯಲ್ಲಿವೆ. ಮಗಳ ಮನೆಯವರ ಜೊತೆ ನಾನು ಆ ದ್ವೀಪಕ್ಕೆ ಹೋಗಿದ್ದೆ. ದೋಣಿಗೆ ಸಾಲು ನಿಂತಿದ್ದೆವು. ಅಪಾಯದ ಕಡೆ ಕಾಲಿಟ್ಟವರಿಗೆ ಕಾವಲಿನವರು ಸೀಟಿ ಊದುತ್ತಿದ್ದರು. ಅಲ್ಲಿನ ಲಾವಾ ಒಂಬತ್ತು ಕೋಟಿ ವರ್ಷದಷ್ಟೂ ಹಳೆಯದಲ್ಲ. ಇಲ್ಲಿ 250 ಕೋಟಿ ವರ್ಷದ ಕಲ್ಲಿಗೆ ಒಂದು ಸೀಟಿಯೂ ಇಲ್ಲ.

ಕಳೆದ ತಿಂಗಳು ಏಳನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಹೋದೆ. ಮೊದಲು ಚಿತ್ರದುರ್ಗದ ಕೋಟೆ ಹತ್ತಿಸಿದೆ. ಕೋಟೆಯ ಗುಂಡುಬಂಡೆಗಳು ಗ್ರಾನೈಟ್. ಅವೂ ಒಂದು ಕಾಲದಲ್ಲಿ ಕರಗಿದ್ದ ಕಲ್ಲೇ, ಆದರೆ ಭೂಮಿಯ ಆಳದಲ್ಲಿ ನಿಧಾನವಾಗಿ ತಣಿದದ್ದರಿಂದ ಅದರ ಹರಳುಗಳು ಬರಿಗಣ್ಣಿಗೆ ಕಾಣುತ್ತವೆ. ತುಪ್ಪದ ಕೊಳದ ಬಳಿ ಅವಳು ಬಂಡೆಯ ಮೇಲೆ ಬೆರಳಾಡಿಸಿ ಬಿಳಿಯ ಹರಳು, ಕರಿಯ ಹರಳು ಎಂದು ಬೇರೆ ಬೇರೆ ತೋರಿಸಿದಳು. ಮಧ್ಯಾಹ್ನ ಮರಡಿಹಳ್ಳಿಯಲ್ಲಿ ನೀರು ಸುರಿದಾಗ, ‘ತಾತ, ಇದರಲ್ಲಿ ಹರಳೇ ಇಲ್ಲವಲ್ಲ’ ಎಂದಳು. ನೀರಿಗೆ ಬಿದ್ದು ತಟ್ಟನೆ ತಣಿದದ್ದಕ್ಕೆ ಹರಳು ಬೆಳೆಯಲು ಸಮಯ ಸಿಗಲಿಲ್ಲ ಎಂದು ಅವಳೇ ಊಹಿಸಿದಳು. ಶಾಲೆಯವರು ಪ್ರವಾಸಕ್ಕೆಂದು ಮಕ್ಕಳನ್ನು ದೂರದ ನೀರಾಟದ ಪಾರ್ಕುಗಳಿಗೆ ಕರೆದೊಯ್ಯುತ್ತಾರೆ. ದುರ್ಗದ ಕೋಟೆಯಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿ ಈ ಪಾಠ ಬಿದ್ದಿದೆ. ನಗರದ ಪಕ್ಕದ ಇಂಗಳದಾಳದಲ್ಲಿ ತಾಮ್ರದ ಅದಿರು ಸಿಕ್ಕಿದ್ದೂ ಇಂತಹ ಲಾವಾ ಶಿಲೆಗಳ ನಡುವೆಯೇ. ಅದನ್ನೂ ಸೇರಿಸಿ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಅಲ್ಲಿ ಉದ್ಯಾನ, ಕಾರಂಜಿ, ಸೆಲ್ಫಿ ಕಮಾನು ಬೇಕೆಂದು ನಾನು ಕೇಳುತ್ತಿಲ್ಲ. ಅವು ಬಂದರೆ ಕಲ್ಲಿಗೇ ಕೇಡು. ಹೆದ್ದಾರಿಯಲ್ಲಿ ಕಾಣುವಂತೆ ಒಂದು ಕೈಮರ, ಹಳ್ಳಿಯ ಮಗುವಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದ ದೊಡ್ಡ ಫಲಕ, ಅದರಲ್ಲಿ ಮುದ್ದೆಯ ಚಿತ್ರವನ್ನೇ ಹಾಕಲಿ. ಊರಿನ ನಾಲ್ಕು ಹುಡುಗ ಹುಡುಗಿಯರಿಗೆ ಪ್ರವಾಸೋದ್ಯಮ ಇಲಾಖೆ ತರಬೇತಿ ಕೊಟ್ಟರೆ ಅವರಿಗೆ ನಾಲ್ಕು ಕಾಸೂ ಆಗುತ್ತದೆ, ಕಲ್ಲಿಗೆ ಕಾವಲೂ ಆಗುತ್ತದೆ. ಇಂತಹ ತಾಣಗಳ ರಕ್ಷಣೆಗೆ ಕೇಂದ್ರ ಗಣಿ ಸಚಿವಾಲಯ 2022ರ ಕೊನೆಯಲ್ಲಿ ಕರಡು ಮಸೂದೆಯೊಂದನ್ನು ಪ್ರಕಟಿಸಿತ್ತು. ಕಾನೂನಿಗಾಗಿ ಕಾಯುತ್ತ ಕೂರುವಷ್ಟು ಪುರುಸೊತ್ತು ಬಣ್ಣದ ಡಬ್ಬಿ ಹಿಡಿದವರಿಗೆ ಇಲ್ಲ. ಗ್ರಾಮ ಪಂಚಾಯಿತಿ ಇಂದೇ ಒಂದು ಎಚ್ಚರಿಕೆಯ ಫಲಕ ನಿಲ್ಲಿಸಬಹುದು. ಬಣ್ಣವನ್ನು ಅಳಿಸುವಾಗ ಮಾತ್ರ ಉಜ್ಜುವ ಯಂತ್ರ, ಆಮ್ಲ ತರಬೇಡಿ, ದಯವಿಟ್ಟು ತಿಳಿದವರನ್ನು ಕೇಳಿ.

ನೋಡಲು ಹೊರಡುವವರಿಗೆ ಎರಡು ಮಾತು. ಸೆಪ್ಟೆಂಬರ್ ಮಳೆಯಾದ ಮೇಲೆ ಜನವರಿಯವರೆಗೆ ಒಳ್ಳೆಯ ಕಾಲ. ತಂಗಡಿ ಹೂ ಬಿಟ್ಟಿರುತ್ತದೆ, ಬಿಸಿಲೂ ಸಹ್ಯ. ಬೇಸಿಗೆಯಲ್ಲಿ ಬಂಡೆ ಕಾದ ಹೆಂಚಿನಂತಿರುತ್ತದೆ. ಜಾಲಿ ಮುಳ್ಳಿರುವುದರಿಂದ ಗಟ್ಟಿ ಚಪ್ಪಲಿಯೋ ಬೂಟೋ ಇರಲಿ. ಸುತ್ತಲಿನ ಹೊಲದ ಶೇಂಗಾ ತುಳಿಯಬೇಡಿ. ಬಿಡುವಿದ್ದರೆ ಮರುದಿನ ಬೆಳಿಗ್ಗೆ ಜೋಗಿಮಟ್ಟಿ ಹತ್ತಿ, ಅಲ್ಲಿ ನಿಂತರೆ ಈ ಗುಡ್ಡಗಳ ಸಾಲು ಹೇಗೆ ಹೊರಳಿ ಹೋಗಿದೆ ಎಂದು ಕಾಣುತ್ತದೆ. ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡು ಹೋಗಿ.

ನನ್ನ ಮೇಜಿನ ಚೂರನ್ನು ಮೊಮ್ಮಗಳ ಜೊತೆ ಹೋದ ದಿನ ಅಲ್ಲಿಯೇ ಇಟ್ಟು ಬಂದಿದ್ದೇನೆ. ನನ್ನ ಮೊಣಕಾಲು ನಡೆದಷ್ಟು ದಿನ, ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಆ ದಿಬ್ಬದ ಬಳಿ ಇರುತ್ತೇನೆ. ಯಾವ ಶಾಲೆಯ ಮಕ್ಕಳು ಬಂದರೂ ತೋರಿಸುತ್ತೇನೆ, ಶುಲ್ಕವಿಲ್ಲ. ಬರುವಾಗ ಕುಡಿಯಲು ಒಂದು ಬಾಟಲಿ ನೀರು, ಕಲ್ಲಿಗೆ ಸುರಿಯಲು ಇನ್ನೊಂದು ಬಾಟಲಿ ತನ್ನಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ನೌಕರ, ಚಿತ್ರದುರ್ಗ