ಭರಣಿ ಮಳೆಗೆ ಮುಂಚೆ ಎಳ್ಳಿನ ಬೀಜ ಕೊಡಿಸಿ: ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ ನಮಸ್ಕಾರ.

ನಾನು ಚಾಮರಾಜನಗರ ಕಡೆಯ ಸಣ್ಣ ರೈತ. ಎರಡೆಕರೆ ಕೆಂಪು ಮಣ್ಣಿನ ಹೊಲ ಇದೆ. ಬೋರ್ ಬತ್ತಿ ವರ್ಷಗಳಾದವು. ಮಳೆ ನಂಬಿಕೊಂಡು ಎಳ್ಳು, ಆಮೇಲೆ ರಾಗಿ ಬೆಳೆಯುತ್ತೇನೆ.

2025ರ ಬೇಸಿಗೆಯಲ್ಲಿ, ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆ ಬಿದ್ದ ಮಾರನೇ ದಿನವೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬೀಜ ಕೇಳಲು ಹೋದೆ. "ಎಳ್ಳು ಇನ್ನೂ ಬಂದಿಲ್ಲ, ಮುಂದಿನ ತಿಂಗಳು ಬನ್ನಿ" ಅಂದರು. ಎಳ್ಳಿಗೆ ಮುಂದಿನ ತಿಂಗಳು ಅನ್ನೋದೇ ಇಲ್ಲ ಸ್ವಾಮಿ! ಮೇ ಮೊದಲ ವಾರದೊಳಗೆ ಬಿತ್ತಿದರೆ ಜುಲೈ ಕೊನೆಗೆ ಕೊಯ್ಲು, ಅದೇ ಹೊಲಕ್ಕೆ ರಾಗಿ. ತಡವಾದರೆ ಎರಡೂ ಕೆಡುತ್ತವೆ. ಕೊನೆಗೆ ಸಂತೆಯ ಎಳ್ಳನ್ನೇ ತಂದು ಬಿತ್ತಿದೆ. ಅರ್ಧವೂ ಮೊಳೆಯಲಿಲ್ಲ.

ನಾವು ಕೇಳುವುದು ಲಾರಿಗಟ್ಟಲೆ ಅಲ್ಲ. ಎಕರೆಗೆ ಎರಡು ಕೆಜಿ ಬೀಜವೇ ಜಾಸ್ತಿ. ಕಾಳು ಎಷ್ಟು ಸಣ್ಣದೆಂದರೆ, ಸುಮ್ನೆ ಎರಚಿದರೆ ಒಂದೇ ಕಡೆ ಗುಪ್ಪೆಯಾಗಿ ಬೀಳುತ್ತದೆ. ಅದಕ್ಕೇ ಅವ್ವ ಬಕೆಟ್‌ನಲ್ಲಿ ಜರಡಿ ಹಿಡಿದ ಮರಳು ಬೆರೆಸಿ ಕೊಡುತ್ತಾಳೆ. ಬೇರು ಇಳಿಯುವವರೆಗೆ ತೇವ ಇದ್ದರೆ ಆಯಿತು, ಆಮೇಲೆ ಮಳೆ ಕೈಕೊಟ್ಟರೂ ಗಿಡ ತಡೆದುಕೊಳ್ಳುತ್ತದೆ. ದನವೂ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಹೊಲದಲ್ಲಿ ನೀರು ನಿಂತರೆ ಮಾತ್ರ ಎರಡೇ ದಿನಕ್ಕೆ ಸೊರಗುತ್ತದೆ.

ಇನ್ನು ಬೆಲೆ. 2025-26ಕ್ಕೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಎಳ್ಳಿಗೆ 9,846 ರೂಪಾಯಿ, ರಾಗಿಗೆ 4,886. ಪೇಪರ್‌ನಲ್ಲಿ ಓದಲು ಚೆನ್ನಾಗಿತ್ತು. ಆದರೆ ಕೊಯ್ಲಿನ ಹೊತ್ತಿಗೆ ನಮಗೆ ಹತ್ತಿರದಲ್ಲಿ ಖರೀದಿ ಕೇಂದ್ರವೇ ಇರಲಿಲ್ಲ. ಎಳ್ಳು ಕಾಯುವ ಬೆಳೆಯಲ್ಲ. ಕಾಯಿ ಹಳದಿಯಾದ ಮೇಲೆ ನಾಲ್ಕು ದಿನ ಬಿಟ್ಟರೆ ಬಾಯಿ ಬಿಟ್ಟು ಕಾಳೆಲ್ಲ ನೆಲಕ್ಕೆ. ಕಟ್ಟು ಕಟ್ಟಿ, ನಿಲ್ಲಿಸಿ ಒಣಗಿಸಿ, ಟಾರ್ಪಾಲ್ ಮೇಲೆ ತಲೆಕೆಳಗೆ ಹಿಡಿದು ಕೊಡವಬೇಕು. ಆಗ ಸರ್ ಅಂತ ಸುರಿಯುವ ಸದ್ದು ಕೇಳೋದೇ ಒಂದು ಖುಷಿ. ಜಡಿಮಳೆ ಹಿಡಿದರೆ ಅದೇ ಕಟ್ಟು ಬೂಷ್ಟು ಹಿಡಿಯುತ್ತದೆ. ಹಸಿ ಮಾಲನ್ನು ಮನೆಯಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ ಅಲ್ವಾ? ಮೊದಲು ಬಂದ ವ್ಯಾಪಾರಿ ಹೇಳಿದ ರೇಟಿಗೇ ಕೊಟ್ಟೆ.

ಅದಕ್ಕೇ ಈ ಪತ್ರ. ಏಪ್ರಿಲ್ 15ರೊಳಗೆ ಎಳ್ಳಿನ ಬೀಜ ಹೋಬಳಿಗೆ ಬರಲಿ. ರಾಗಿ ಬೀಜದ ಜೊತೆ ಕಳಿಸಿದರಾಯಿತು ಅಂತ ಯಾರೂ ಹಿಡಿದಿಟ್ಟುಕೊಳ್ಳಬಾರದು. ಜುಲೈ ಕೊನೆಗೆ ತಾಲ್ಲೂಕಿಗೊಂದಾದರೂ ಖರೀದಿ ಕೇಂದ್ರ ತೆರೆಯಲಿ, ಒಂದೆರಡು ಕ್ವಿಂಟಲ್ ತಂದವರನ್ನೂ ವಾಪಸ್ ಕಳಿಸದಿರಲಿ. ನಮ್ಮಂಥವರ ಹತ್ತಿರ ಇರುವುದೇ ಅಷ್ಟು.

ಮುಂದಿನ ವರ್ಷ ಏಪ್ರಿಲ್ ಮಧ್ಯದಲ್ಲಿ, ಭರಣಿಗೂ ಮುಂಚಿನ ಅಶ್ವಿನಿ ಮಳೆ ಶುರುವಾದ ದಿನ ಚೀಲ ಹಿಡಿದು ಅದೇ ಕೌಂಟರ್ ಮುಂದೆ ನಿಂತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಎಳ್ಳು ಬೆಳೆಗಾರ