ಪ್ರೈಮರಿ ಮಾಸ್ತರಿಗೂ ಓಟು ಕೊಡ್ರಿ

ಸಂಪಾದಕರೇ, ಎಂಎಲ್‌ಎ ಎಲೆಕ್ಷನ್ ಬಂದ್ರ ಹುಬ್ಬಳ್ಳಿ ತುಂಬ ಅದ ಸುದ್ದಿ, ಆದ್ರ ಮೇಲ್ಮನಿ ಅಂದ್ರ ವಿಧಾನ ಪರಿಷತ್ತಿನ ಎಲೆಕ್ಷನ್ ಬಗ್ಗೆ ಯಾರೂ ಬಾಯಿ ಬಿಡಂಗಿಲ್ಲ. ಬಸವರಾಜ ಹೊರಟ್ಟಿಯವರು 1980ರಿಂದ ಶಿಕ್ಷಕರ ಕ್ಷೇತ್ರದಿಂದ ಗೆದಕೋತ ಬಂದು 2022ಕ್ಕ ಎಂಟನೇ ಸಲ ಆರಿಸಿ ಬಂದ್ರು, ಅದೂ ಜೆಡಿಎಸ್ ಬಿಟ್ಟು ಬಿಜೆಪಿಯಿಂದ ನಿಂತು, ಇದೇನ್ ಸಣ್ಣ ಮಾತಲ್ರಿ. ಪಾರ್ಟಿ ಬದಲಾದ್ರೂ ಮಾಸ್ತರಮಂದಿ ಕೈ ಬಿಡಲಿಲ್ಲ.

ನಂಗ ಬ್ಯಾಸರ ಆಗೋದು ಬ್ಯಾರೆ ವಿಷಯಕ್ಕ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಈ ಪಶ್ಚಿಮ ಶಿಕ್ಷಕರ ಕ್ಷೇತ್ರದಾಗ ಹೈಸ್ಕೂಲು, ಕಾಲೇಜಿನಾಗ ಕಲಿಸೋರಿಗಷ್ಟ ಓಟು, ಅ ಆ ಇ ಈ ತಿದ್ದಿಸೋ ಪ್ರೈಮರಿ ಸಾಲಿ ಅಕ್ಕೋರಿಗೆ, ಮಾಸ್ತರಿಗೆ ಇಲ್ಲ, ಸಂವಿಧಾನದ 171ನೇ ಕಲಮಿನಾಗ ಹಂಗ ಬರದೈತಿ ಅಂತಾರ. ಬರದಿದ್ದನ್ನ ತಿದ್ದಾಕ ಬರ್ತೈತಲ್ರಿ, ನಮ್ಮ ಎಂಪಿಗಳು ಪಾರ್ಲಿಮೆಂಟಿನಾಗ ಕೇಳ್ಬೇಕು.

ಇನ್ನ ಓಟಿರೋರೂ ಸುಮ್ನ ಕುಂದ್ರಬ್ಯಾಡ್ರಿ, ಪ್ರತಿ ಎಲೆಕ್ಷನ್ನಿಗೂ ಹೊಸಾದಾಗಿ ಲಿಸ್ಟ್ ಮಾಡ್ತಾರ, ಹಿಂದಿನ ಸಲ ಹೆಸರಿತ್ತು ಅಂದ್ರ ನಡಿಯಂಗಿಲ್ಲ, 19ನೇ ನಂಬರ್ ಫಾರ್ಮ್ ಮತ್ತ ತುಂಬಬೇಕು. 2028ಕ್ಕ ಎಲೆಕ್ಷನ್ ಐತಿ, ನಿಮ್ಮ ಪೇಪರಿನಾಗ ಈಗಿಂದನ ಇದನ್ನ ಬರೀರಿ.

– ಒಬ್ಬ ಓದುಗ, ಧಾರವಾಡ