ಪುಟ್ಟುಗೊಂದು ಪತ್ರ: ಟ್ಯಾಂಕು ಒಂದೇ ಹೋಗಲ್ಲ ಕಣೋ

ಚಿರಂಜೀವಿ ಪುಟ್ಟುಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಅಕಾಡೆಮಿಯಲ್ಲಿ ಸೈನ್ಯದ ಯಾವ ಆರ್ಮ್, ಅಂದರೆ ಯಾವ ವಿಭಾಗ, ಬೇಕು ಅಂತ ಬರೆದುಕೊಡುವ ಸಮಯ ಬಂತಂತೆ. ಕಣ್ಣು ಮುಚ್ಚಿಕೊಂಡು ಟ್ಯಾಂಕಿನವರ ಆರ್ಮರ್ಡ್ ಕೋರ್ ಅಂತ ಬರೆಯುತ್ತೇನೆ ಅಂದೆಯಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಬೇಡ ಅನ್ನೋಕೆ ಈ ಪತ್ರ ಬರೆಯುತ್ತಿಲ್ಲ. ಖುಷಿಯಾಗಿ ಬರಿ, ಆದರೆ ಕಣ್ಣು ಬಿಟ್ಟುಕೊಂಡು ಬರಿ. ಸೈನ್ಯದ ಗಾಡಿ, ಯಂತ್ರ ನೋಡಿಕೊಳ್ಳುವ ಇಎಂಇಯಲ್ಲಿ ಟ್ಯಾಂಕು ರಿಪೇರಿ ಮಾಡಿಕೊಂಡೇ ಪೆನ್ಷನ್‌ಗೆ ಬಂದವನು ನಾನು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಗ್ರೀಸಿನ ವಾಸನೆ ಇರುತ್ತದೆ, ಸಹಿಸಿಕೋ.

ನೀನು ನೋಡುವ ವಿಡಿಯೋಗಳಲ್ಲಿ ಟ್ಯಾಂಕು ಮರಳು ಗುಡ್ಡ ಹಾರಿ ಬರುತ್ತದೆ, ಧೂಳೆಬ್ಬಿಸುತ್ತದೆ, ಗುಂಡು ಹೊಡೆಯುತ್ತದೆ. ಅಲ್ಲಿಗೆ ಮುಗಿಯಿತು. ಅದರ ಹಿಂದೆ ಬರುವ ಡೀಸೆಲ್ ಲಾರಿಯನ್ನು ಯಾರೂ ತೋರಿಸಲ್ಲ. ತೇರಿಗೆ ಬಂದವರೆಲ್ಲ ಕಳಸ ನೋಡುತ್ತಾರೆ, ಗಾಲಿಗೆ ಸನ್ನೆ ಕೊಡುವವನನ್ನು ಯಾರು ನೋಡುತ್ತಾರೆ ಹೇಳು.

ಲೆಕ್ಕ ಹಾಕು. ಟಿ-72 ಆಗಲಿ ಟಿ-90 ಆಗಲಿ, ಒಳಗೆ ಮೂರೇ ಜನ. ಕಮಾಂಡರ್, ಗನ್ನರ್, ಡ್ರೈವರ್. ಗುಂಡು ತುಂಬುವುದು ಯಂತ್ರ. ಅರ್ಜುನ್‌ನಲ್ಲಾದರೆ ನಾಲ್ಕು ಜನ. ಮೂರು ಟ್ಯಾಂಕು ಸೇರಿದರೆ ಒಂದು ಟ್ರೂಪ್. ನಿನ್ನ ಕೈಗೆ ಮೊದಲು ಬರುವುದು ಅದೇ, ನೀನೂ ಸೇರಿ ಒಂಬತ್ತು ಜನ. ನಾಲ್ಕು ಟ್ರೂಪಿಗೆ ಹೆಡ್‌ಕ್ವಾರ್ಟರಿನ ಎರಡು ಟ್ಯಾಂಕು ಸೇರಿದರೆ ಸ್ಕ್ವಾಡ್ರನ್, ಅಂದರೆ 14. ಅಂಥ ಮೂರು ಸ್ಕ್ವಾಡ್ರನ್, ಮೇಲೆ ಮೂರು ಟ್ಯಾಂಕು, ಒಟ್ಟು 45 ಆದರೆ ಒಂದು ರೆಜಿಮೆಂಟ್. ಟಿ-72 ಒಳ್ಳೆ ರಸ್ತೆಯಲ್ಲೇ ಕಿಲೋಮೀಟರಿಗೆ ಎರಡು ಲೀಟರಿಗಿಂತ ಜಾಸ್ತಿ ಕುಡಿಯುತ್ತದೆ, ಮರಳಿನಲ್ಲಿ ಕೇಳಲೇಬೇಡ. ಅಂದರೆ ಒಂದು ರೆಜಿಮೆಂಟ್ 100 ಕಿಲೋಮೀಟರ್ ಹೋಗಬೇಕಾದರೆ 9,000 ಲೀಟರ್ ಮೀರುತ್ತದೆ. ಆರ್ಮರ್ಡ್ ಡಿವಿಷನ್ ಅನ್ನುವ ದೊಡ್ಡ ಪಡೆಯಲ್ಲಿ ಇಂಥ ರೆಜಿಮೆಂಟ್ ಹಲವು. ಜೊತೆಗೆ ಬಿಎಂಪಿ ಅನ್ನುವ ಉಕ್ಕಿನ ಕವಚದ ಗಾಡಿಯಲ್ಲಿ ಬರುವ ಮೆಕನೈಸ್ಡ್ ಇನ್‌ಫೆಂಟ್ರಿ, ತೋಪುಗಳ ಬ್ರಿಗೇಡ್, ಸೇತುವೆ ಹಾಕುವ ಸ್ಯಾಪರ್‌ಗಳು, ಸಿಗ್ನಲ್ಸ್, ವಿಮಾನ ಹೊಡೆಯುವವರು, ಆಸ್ಪತ್ರೆ, ಡೀಸೆಲ್ ತರುವವರು, ಕೊನೆಗೆ ನಮ್ಮಂಥ ಸ್ಪ್ಯಾನರ್ ಹಿಡಿದವರು. ಇಷ್ಟಕ್ಕೂ ಯಜಮಾನ ಒಬ್ಬ ಮೇಜರ್ ಜನರಲ್. ಇಂಥ ಡಿವಿಷನ್ ನಮ್ಮ ಸೈನ್ಯದಲ್ಲಿರುವುದು ಮೂರೇ. ಪಟಿಯಾಲದ 1, ಝಾನ್ಸಿ ಕಡೆಯ 31, ಹಿಸಾರಿನ 33. ಉಳಿದ ಟ್ಯಾಂಕುಗಳು ಸ್ವತಂತ್ರ ಬ್ರಿಗೇಡುಗಳಲ್ಲಿ, ಕಾಲಾಳುಗಳ ಡಿವಿಷನ್ನುಗಳಲ್ಲಿ ಹಂಚಿಹೋಗಿವೆ.

ಒಂದನೇ ಡಿವಿಷನ್, ಅಂದರೆ ಐರಾವತ ಡಿವಿಷನ್, 1940ರಲ್ಲಿ ಬ್ರಿಟಿಷರ ಕಾಲದಲ್ಲಿ ಹುಟ್ಟಿದ್ದು. ನಡುವೆ ಅದಕ್ಕೆ 31 ಅಂತ ನಂಬರ್ ಕೊಟ್ಟು ಇರಾಕ್ ಕಡೆ ಕಳಿಸಿದ್ದರು, ಯುದ್ಧ ಮುಗಿದ ಮೇಲೆ ಮತ್ತೆ 1 ಆಯಿತು. ದೇಶ ಭಾಗವಾದಾಗ ಹದಿನೆಂಟು ಕ್ಯಾವಲ್ರಿ, ಅಂದರೆ ಕುದುರೆ ಬಿಟ್ಟು ಟ್ಯಾಂಕು ಹತ್ತಿದ ರೆಜಿಮೆಂಟುಗಳಲ್ಲಿ ಹನ್ನೆರಡು ನಮಗೆ, ಆರು ಪಾಕಿಸ್ತಾನಕ್ಕೆ. ಮರುವರ್ಷವೇ, 1948ರ ಸೆಪ್ಟೆಂಬರ್ 13ಕ್ಕೆ, ಇದೇ ಡಿವಿಷನ್ ಮೇಜರ್ ಜನರಲ್ ಜೆ.ಎನ್. ಚೌಧುರಿ ಕೈಕೆಳಗೆ ಸೊಲ್ಲಾಪುರದಿಂದ ಹೈದರಾಬಾದಿನ ಕಡೆ ಹೊರಟಿತು. ದಾರಿ ನಮ್ಮ ಬೀದರ್ ಸೀಮೆಯ ಮೇಲೇ. ಕಲ್ಯಾಣ ಕರ್ನಾಟಕದವರು ಸೆಪ್ಟೆಂಬರ್ 17ಕ್ಕೆ ಬಾವುಟ ಹಾರಿಸುತ್ತಾರಲ್ಲ, ಅದರ ಹಿಂದೆ ಈ ಟ್ಯಾಂಕುಗಳೂ ಇವೆ. ಆದರೆ ಮೊದಲ ದಿನ ನಳದುರ್ಗದ ಸೇತುವೆಯನ್ನು ಒಡೆಯದ ಹಾಗೆ ವಶಕ್ಕೆ ತಗೊಂಡದ್ದು ಯಾರು? 7ನೇ ಬ್ರಿಗೇಡಿನ ಕಾಲಾಳುಗಳು. ಸೇತುವೆ ಬಿದ್ದಿದ್ದರೆ ಟ್ಯಾಂಕು ಬೋರಿ ಹೊಳೆಯ ಈಚೆಗೇ ನಿಂತಿರುತ್ತಿತ್ತು.

ಅದೇ ವರ್ಷ ನವೆಂಬರ್ 1ರ, ಕಾಶ್ಮೀರದ ಜೋಜಿಲಾ ಕಣಿವೆದಾರಿಯ ಕಥೆಯನ್ನು ನೀನು ಖಂಡಿತ ಕೇಳಿರುತ್ತೀಯ, ನಮ್ಮ ಕೊಡಗಿನ ತಿಮ್ಮಯ್ಯನವರದು. ಹನ್ನೊಂದೂವರೆ ಸಾವಿರ ಅಡಿ ಎತ್ತರದಲ್ಲಿ ಟ್ಯಾಂಕು ಬರುತ್ತದೆ ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಮೊದಲ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಅದರ ಹಿಂದಿನ ಕೆಲಸ. 7ನೇ ಲೈಟ್ ಕ್ಯಾವಲ್ರಿಯ ಆ ಸ್ಟೂವರ್ಟ್ ಟ್ಯಾಂಕುಗಳು ದಾರಿಯ ಸೇತುವೆಗಳಿಗೆ ಭಾರವಾಗುತ್ತವೆ ಅಂತ ಮೇಲಿನ ಟರೆಟ್, ಅಂದರೆ ತೋಪಿರುವ ಗೋಪುರ, ಬಿಚ್ಚಿ, ಗುಟ್ಟಾಗಿ ಕಣಿವೆದಾರಿಯ ಬುಡದ ಬಾಲ್ತಾಲ್‌ವರೆಗೆ ತಂದು, ಮತ್ತೆ ಜೋಡಿಸಿದರು. ಆ ಚಳಿಯಲ್ಲಿ ಕಬ್ಬಿಣ ಮುಟ್ಟಿ ನೋಡಿದವರಿಗೆ ಗೊತ್ತು, ಬರಿಗೈ ಇಟ್ಟರೆ ಚರ್ಮ ಅಂಟಿಕೊಳ್ಳುತ್ತದೆ. ಅಲ್ಲಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಅದನ್ನು ಕಡಿದು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್‌ಗಳು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ದಿನಾ ಓಡಾಡುತ್ತೀವಲ್ಲ, ಅಲ್ಲೇ ಅವರ ಸೆಂಟರ್. ಎಷ್ಟು ಜನಕ್ಕೆ ಗೊತ್ತು?

ಆಗ ಆ ಟ್ಯಾಂಕುಗಳ ರೆಜಿಮೆಂಟಿಗೆ ಕಮಾಂಡರ್ ಆಗಿದ್ದವರು ರಾಜಿಂದರ್ ಸಿಂಗ್ 'ಸ್ಪ್ಯಾರೋ'. 1965ರಲ್ಲಿ ಒಂದನೇ ಆರ್ಮರ್ಡ್ ಡಿವಿಷನ್ ಅವರ ಕೈಯಲ್ಲಿತ್ತು. ಸೆಪ್ಟೆಂಬರ್ 8ಕ್ಕೆ ಪಾಕಿಸ್ತಾನದ ಸಿಯಾಲ್‌ಕೋಟ್ ಕಡೆ ನುಗ್ಗಿದರು. ಮೊದಲ ಪೆಟ್ಟಿಗೇ ತಡೆ ಬಿತ್ತು, ಎರಡು ದಿನ ಹೋಯಿತು. 11ಕ್ಕೆ ಫಿಲ್ಲೋರಾ ಊರು ಸಿಕ್ಕಿತು, ಅವರ ಪ್ಯಾಟನ್ ಟ್ಯಾಂಕುಗಳ ಎದುರು ನಮ್ಮ ಹಳೇ ಸೆಂಚೂರಿಯನ್‌ಗಳು ಚೆನ್ನಾಗಿ ಕಾದಾಡಿದವು. ಪೂನಾ ಹಾರ್ಸ್‌ನ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್ ಅಲ್ಲಿ ಗಾಯವಾದರೂ ಹಿಂದಕ್ಕೆ ಹೋಗಲಿಲ್ಲ, 16ಕ್ಕೆ ಬುಟುರ್ ಡೋಗ್ರಾಂಡಿಯಲ್ಲಿ ತೀರಿಕೊಂಡರು. ಪರಮವೀರ ಚಕ್ರ ಬಂತು. ಇಷ್ಟೆಲ್ಲ ಆದರೂ ಅಲ್ಲಿನ ಚಾವಿಂಡಾ ಊರು ನಮಗೆ ಸಿಗಲಿಲ್ಲ. ಧೈರ್ಯ ಕಮ್ಮಿಯಾಗಿ ಅಲ್ಲ. ಟ್ಯಾಂಕಿನವರೂ ಕಾಲಾಳುಗಳೂ ಒಂದೇ ಗಳಿಗೆಗೆ ಒಂದೇ ಕಡೆ ಸೇರಲಿಲ್ಲ, ಟ್ಯಾಂಕು ಮುಂದೆ ಹೋದಾಗ ಅವರು ಹಿಂದೆ, ಅವರು ರಾತ್ರಿ ದಾಳಿ ಮಾಡಿದಾಗ ಟ್ಯಾಂಕಿನ ಬಲ ಸಾಲದು. ಅದೇ ಯುದ್ಧದಲ್ಲಿ ನಮ್ಮ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಆರ್ಮರ್ಡ್ ಡಿವಿಷನ್ನಿಗೂ ಇದೇ ಗತಿ. ನಮ್ಮವರು ನೀರು ಬಿಟ್ಟಿದ್ದ ಹೊಲಗಳಿಗೆ, ಕಬ್ಬಿನ ಗದ್ದೆಗಳಿಗೆ ಅವರು ನುಗ್ಗಿ ಹೂತುಕೊಂಡರು. ಅಷ್ಟು ಹೊಸ ಟ್ಯಾಂಕು ಇಟ್ಟುಕೊಂಡು!

ಟ್ಯಾಂಕಿನ ಜೊತೆಗೇ ಓಡುವ ಕಾಲಾಳು ಬೇಕು ಅನ್ನುವುದು ಆಮೇಲೆ ಗಟ್ಟಿಯಾಯಿತು, 1979ರಲ್ಲಿ ಮೆಕನೈಸ್ಡ್ ಇನ್‌ಫೆಂಟ್ರಿ ರೆಜಿಮೆಂಟ್ ಕಟ್ಟಿದರು. ಆಮೇಲೆ ಸೇನಾ ಮುಖ್ಯಸ್ಥರಾದ ಜನರಲ್ ಸುಂದರ್‌ಜಿಯವರ ಕೈ ಇದರಲ್ಲಿ ದೊಡ್ಡದು.

ಇನ್ನು ನನ್ನ ಕೆಲಸದ ಮಾತು. ಟ್ಯಾಂಕು ಹೊಟ್ಟೆವರೆಗೆ ಹೂತುಹೋದಾಗ ಹುಡುಗು ಆಫೀಸರುಗಳು ಒಂದೇ ತಪ್ಪು ಮಾಡುತ್ತಾರೆ. ರೇಸ್ ಕೊಡು, ಇನ್ನೂ ಕೊಡು ಅಂತ ಡ್ರೈವರಿಗೆ ಹೇಳುತ್ತಾರೆ. ಟ್ರ್ಯಾಕ್ ತಿರುಗಿದಷ್ಟೂ ನೆಲ ತೋಡುತ್ತದೆ, ನಲವತ್ತು ಟನ್ ಇನ್ನೂ ಕೆಳಕ್ಕೆ ಕೂರುತ್ತದೆ. ಡ್ರೈವರ್ 'ಸಾಬ್, ಬಸ್' ಅಂದರೆ ನಿಲ್ಲಿಸು. ಆಮೇಲೆ ರಿಕವರಿ ಗಾಡಿ ಬರುತ್ತದೆ, ಮುಂದೆ ಮಣ್ಣು ಬಗೆದು, ಉಕ್ಕಿನ ಹಗ್ಗ ಕೊಂಡಿಗೆ ಹಾಕಿ, ನಿಧಾನಕ್ಕೆ ಎಳೆಯುತ್ತಾರೆ. ಹಗ್ಗ ಬಿಗಿಯಾದಾಗ ಅದರ ಹತ್ತಿರ ಒಬ್ಬನೂ ನಿಲ್ಲಬಾರದು, ನೀನೂ ಸೇರಿ. ಕಡಿದರೆ ಚಾಟಿ ಬೀಸಿದ ಹಾಗೆ ಬರುತ್ತದೆ, ಮನುಷ್ಯ ಉಳಿಯಲ್ಲ. ಟ್ರ್ಯಾಕಿನ ಪಿನ್ನು ಬದಲಾಯಿಸುವಾಗ ಸಮ್ಮಟಿಗೆ ನೀನೂ ಹಿಡಿ. ಎಷ್ಟು ಏಟಿಗೆ ಹೋಗುತ್ತದೆ ಅಂತ ಗೊತ್ತಿದ್ದರೆ, ಹತ್ತು ನಿಮಿಷದಲ್ಲಿ ರೆಡಿ ಮಾಡಿ ಅಂತ ಸುಮ್ನೆ ಆರ್ಡರ್ ಕೊಡಲ್ಲ.

ರೆಜಿಮೆಂಟಿಗೆ ಹೋದ ಹೊಸದರಲ್ಲಿ ಸವಾರರ, ಅಂದರೆ ಟ್ಯಾಂಕಿನ ಸಿಪಾಯಿಗಳ, ಜೊತೆ ಇರು ಅಂತ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡ. ಹಳೇ ದಫೇದಾರ್ (ಹವಾಲ್ದಾರ್ ದರ್ಜೆಯವನು) ಪಕ್ಕ ಕೂತು ಎಂಜಿನ್ ಸದ್ದು ಕೇಳುವುದನ್ನು ಕಲಿ. ಫಿಲ್ಟರ್ ಕಟ್ಟಿದ್ದರೆ ಮೀಟರಿಗಿಂತ ಮುಂಚೆ ಅವನ ಕಿವಿಗೆ ತಿಳಿಯುತ್ತದೆ. ಆಫೀಸರ್ ಅನ್ನುವ ಗತ್ತು ಮೆಸ್ಸಿನಲ್ಲಿ ಇಟ್ಟುಕೋ, ಗ್ಯಾರೇಜಿನಲ್ಲಿ ಬೇಡ.

ಈಗ ಆಯ್ಕೆಯ ವಿಷಯ. ಮೊದಲನೆಯದು ಆರ್ಮರ್ಡ್ ಇರಲಿ. ಎರಡನೆಯದಕ್ಕೆ ಎಂಜಿನಿಯರ್ಸ್, ಅಂದರೆ ಸ್ಯಾಪರ್‌ಗಳದ್ದು, ಬರಿ, ಮೂರನೆಯದಕ್ಕೆ ಮೆಕನೈಸ್ಡ್ ಇನ್‌ಫೆಂಟ್ರಿ. 1971ರಲ್ಲಿ ಬಸಂತರ್‌ನಲ್ಲಿ ಅರುಣ್ ಖೇತ್ರಪಾಲ್ ಹೋರಾಡಿ ಸತ್ತು ಪರಮವೀರ ಚಕ್ರ ಪಡೆದದ್ದು ನಿನಗೆ ಬಾಯಿಪಾಠ. ಅವನ ಟ್ಯಾಂಕಿಗೆ ಮೈನುಗಳ ನಡುವೆ ದಾರಿ ಮಾಡಿದ 9 ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿ ಹೆಸರು ಕೇಳಿದ್ದೀಯಾ? ಅವರಿಗೂ ಸತ್ತ ಮೇಲೆಯೇ ಮಹಾವೀರ ಚಕ್ರ ಬಂದದ್ದು. ಅಕಾಡೆಮಿಯಲ್ಲಿ ಸ್ಯಾಪರ್ ಆಫೀಸರ್ ಒಬ್ಬರಾದರೂ ಇರುತ್ತಾರೆ, ಫಾರ್ಮ್ ಕೊಡುವ ಮುಂಚೆ ಅರ್ಧ ಗಂಟೆ ಅವರ ಹತ್ತಿರ ಕೂತು ಮಾತಾಡು. ಆಮೇಲೂ ಟ್ಯಾಂಕೇ ಬೇಕು ಅನಿಸಿದರೆ ನಿಮ್ಮಪ್ಪನನ್ನು ನಾನು ಒಪ್ಪಿಸುತ್ತೇನೆ, ಅವನ ಚಿಂತೆ ನಿನಗೆ ಬೇಡ. ಮೊಣಕಾಲಿನ ನೋವು ಈಗ ಹೇಗಿದೆ ಅಂತ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ